ಅಳಿಸುವ ಬೆರಳಿಗೆ ಸ್ವಲ್ಪ ರಜೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಬರೆಯಬೇಕೆಂಬ ಆಸೆ ಇದೆ, ಯೋಚನೆಯೇ ಬರೆಯಗೊಡುವುದಿಲ್ಲ. ಡೊಂಬಿವಲಿಯಿಂದ ವಾಸ್ಕೋವರೆಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವುಗಳ ಗೋಳು ಇದೇ. ಏಳನ್ನು ಆರಿಸಿಕೊಂಡಿದ್ದೇವೆ. ಕೇಳಿದವರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇವೆ, ಊರು ಮಾತ್ರ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನಿವೃತ್ತಳಾಗಿ ಎರಡು ವರ್ಷವಾಯಿತು. ಮುಂಬಯಿಯ ಪರೇಲಿನ ಚಾಳಿನಲ್ಲಿ (ಸಾಲುಕೋಣೆಗಳ ವಠಾರದಲ್ಲಿ) ಕಳೆದ ಬಾಲ್ಯವನ್ನು, ಬಟ್ಟೆ ಗಿರಣಿಗಳ ಮುಷ್ಕರದ ದಿನಗಳನ್ನು ಬರೆದಿಡಬೇಕು ಅಂತ ಬಹಳ ಆಸೆ. ಮೊಬೈಲಿನಲ್ಲಿ ಮೊದಲ ಸಾಲು ಬರೆಯುತ್ತೇನೆ, ಓದುತ್ತೇನೆ, ಅಳಿಸುತ್ತೇನೆ. ಮೂರು ತಿಂಗಳಿಂದ ಇದೇ ನಡೆದಿದೆ. ಇದು ನನ್ನ ಕೈಲಾಗುವ ಕೆಲಸವಲ್ಲವೇ? (ಡೊಂಬಿವಲಿ)

ಮೂರು ತಿಂಗಳು ಬಿಡದೆ ಅದೇ ಸಾಲಿಗೆ ಮರಳಿ ಬರುವವರಿಗೆ ಕೈಲಾಗದು ಅನ್ನಲು ಬಾಯಿ ಬರುವುದಿಲ್ಲ. ನೀವು ಎರಡು ಕೆಲಸವನ್ನು ಒಂದೇ ಹೊತ್ತಿಗೆ ಮಾಡುತ್ತಿದ್ದೀರಿ, ತೊಡಕು ಅಲ್ಲಿದೆ. ಬರೆಯುವುದು ಒಂದು, ಬರೆದದ್ದನ್ನು ತೂಗಿ ನೋಡುವುದು ಇನ್ನೊಂದು. ಹಿಟ್ಟು ಕಲಸುತ್ತಿರುವಾಗಲೇ ಚಪಾತಿ ಉಬ್ಬಲಿಲ್ಲವೆಂದು ಬೇಸರಪಟ್ಟುಕೊಂಡರೆ ಹಿಟ್ಟು ಕಸದ ಬುಟ್ಟಿಗೇ ಹೋಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇದರಲ್ಲಿ ಇನ್ನೂ ಒಂದು ಪೇಚಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕಟ್ಟಕಡೆಗೆ. ‘ಅಪ್ಪ ಗಿರಣಿಯಿಂದ ಮಧ್ಯಾಹ್ನವೇ ಮನೆಗೆ’ ಎಂಬಲ್ಲಿ ಕೈ ನಿಲ್ಲಿಸಿ ನೋಡಿದರೆ ಸಾಲು ಪೆದ್ದುಪೆದ್ದಾಗಿಯೇ ಕಾಣುತ್ತದೆ. ಬಂದರೋ, ಬರುತ್ತಿದ್ದರೋ, ಬಂದುಬಿಟ್ಟರೋ, ಬರಲೇ ಇಲ್ಲವೋ ಇನ್ನೂ ಗೊತ್ತಾಗಿಲ್ಲ. ‘ಬಂದುಬಿಟ್ಟರು’ ಎಂದು ಮುಗಿಸಿ ನೋಡಿ: ಆ ಒಂದು ‘ಬಿಟ್ಟರು’ವಿನಲ್ಲಿ ಏನೋ ಕೆಟ್ಟದ್ದು ಆಗಿದೆಯೆಂದು ಓದುವವರಿಗೆ ತಿಳಿಯುತ್ತದೆ. ನೀವು ಅಳಿಸುತ್ತಿರುವುದು ಬಹುಪಾಲು ಕ್ರಿಯಾಪದಕ್ಕೆ ಮೊದಲೇ. ತೀರ್ಪು ಕೊಡುವ ಮುಂಚೆ ಸಾಕ್ಷಿಯನ್ನು ಪೂರ್ತಿ ಕೇಳಬೇಕಲ್ಲ! ಹಾಗಾಗಿ ಮೊದಲ ಕಟ್ಟಳೆ: ಪೂರ್ಣವಿರಾಮ ಬೀಳುವವರೆಗೆ ಹಿಂದಕ್ಕೆ ಓದಬಾರದು.

ಇನ್ನು ಕೆಲಸದ ಕ್ರಮ. ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. 200 ಪುಟದ ಗೆರೆಯ ನೋಟ್‌ಬುಕ್ಕು, ಬಾಲ್‌ಪೆನ್ನು ತೆಗೆದುಕೊಳ್ಳಿ. ಪೆನ್ಸಿಲ್ ಬೇಡ, ಅದರ ಹಿಂದೆಯೇ ರಬ್ಬರು ಬರುತ್ತದೆ. ಬಲಗಡೆಯ ಪುಟದಲ್ಲಿ ಮಾತ್ರ ಬರೆಯಿರಿ, ಎಡಗಡೆಯದು ಆಮೇಲೆ ನೆನಪಾಗುವುದಕ್ಕೆ ಖಾಲಿ ಇರಲಿ. ಅಡುಗೆಮನೆಯ ಟೈಮರಿಗೆ 12 ನಿಮಿಷ ಇಡಿ. ಪದ ತಪ್ಪೆನಿಸಿದರೆ ಹೊಡೆದುಹಾಕದೆ ಪಕ್ಕದಲ್ಲೇ ಸರಿಯಾದದ್ದನ್ನು ಬರೆದು ಮುಂದೆ ಹೋಗಿ. ಮುಂದೇನೂ ತೋಚದಿದ್ದರೆ ಕೊನೆಯ ಮೂರು ಪದಗಳನ್ನೇ ಮತ್ತೆ ಬರೆಯಿರಿ. ಕೈ ಓಡುತ್ತಿದ್ದರೆ ನಾಲ್ಕನೆಯ ಪದ ತಾನಾಗಿ ಬರುತ್ತದೆ. ಗಂಟೆ ಹೊಡೆದ ತಕ್ಷಣ, ವಾಕ್ಯ ಅರ್ಧದಲ್ಲಿದ್ದರೂ ನಿಲ್ಲಿಸಿ. ಮರುದಿನ ಕೂತಾಗ ಆ ಅರ್ಧ ವಾಕ್ಯವನ್ನು ಮುಗಿಸುವುದೇ ಮೊದಲ ಕೆಲಸ, ಅಲ್ಲಿಗೆ ‘ಶುರು ಹೇಗೆ’ ಎಂಬ ಪ್ರಶ್ನೆಯೇ ಏಳುವುದಿಲ್ಲ. 12 ನಿಮಿಷದಲ್ಲಿ ಕೈಬರಹದಲ್ಲಿ ಸುಮಾರು 100ರಿಂದ 130 ಪದ ಆಗುತ್ತದೆ. ಆರು ದಿನಕ್ಕೆ 600ರಿಂದ 800. ಒಂದು ಪತ್ರಿಕೆಯ ಲೇಖನದಷ್ಟು!

ಕೆಡುವುದು ಸಾಮಾನ್ಯವಾಗಿ ಮೂರನೆಯ ದಿನ. ಮೊದಲೆರಡು ದಿನದ್ದನ್ನು ‘ಸುಮ್ಮನೆ ಒಮ್ಮೆ’ ಓದಿಬಿಡುತ್ತೀರಿ, ಮನಸ್ಸು ಕುಸಿಯುತ್ತದೆ, ನಾಲ್ಕನೆಯ ದಿನ ನೆಂಟರು ಬರುತ್ತಾರೆ, ಅಲ್ಲಿಗೆ ಮುಗಿಯಿತು. ಅರ್ಧ ವಾಕ್ಯವಿರುವ ಪುಟವೊಂದನ್ನು ಬಿಟ್ಟು ಬರೆದ ಪುಟಗಳನ್ನೆಲ್ಲ ಒಟ್ಟು ಸೇರಿಸಿ ಕಾಗದದ ಕ್ಲಿಪ್ಪು ಹಾಕಿಬಿಡಿ. ಕ್ಲಿಪ್ಪು ತೆಗೆಯುವುದು ಏಳನೆಯ ದಿನ.

ಎರಡನೆಯ ಅಪಾಯ ವಿಷಯದ ಗಾತ್ರದ್ದು. ‘ಗಿರಣಿ ಮುಷ್ಕರ’ ಎಂದು ತಲೆಬರಹ ಹಾಕಿ ಕೂತರೆ ಯಾರ ಪೆನ್ನಾದರೂ ಒಣಗುತ್ತದೆ. ಮುಷ್ಕರ 1982ರ ಜನವರಿ 18ರಂದು ಶುರುವಾಯಿತು, ದತ್ತಾ ಸಾಮಂತರು ಮುಂದಾಳು, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಇದೆಲ್ಲ ಗ್ರಂಥಾಲಯದಲ್ಲಿ ಸಿಗುತ್ತದೆ. ಮುಷ್ಕರದ ಮೂರನೆಯ ತಿಂಗಳು ನಿಮ್ಮ ಖೋಲಿಯಲ್ಲಿ, ಅಂದರೆ ಚಾಳಿನ ಕೋಣೆಯಲ್ಲಿ, ಸಾರಿಗೆ ಬೇಳೆ ಎಷ್ಟು ಬೀಳುತ್ತಿತ್ತು, ಸೀಮೆಎಣ್ಣೆಯ ಸಾಲಿನಲ್ಲಿ ನಿಲ್ಲುತ್ತಿದ್ದವರು ಯಾರು, ಹಗಲು ಹೊತ್ತು ಮನೆಯಲ್ಲಿರುವ ಅಪ್ಪನ ಎದುರು ಮಕ್ಕಳು ಎಷ್ಟು ಮೆತ್ತಗೆ ಮಾತಾಡುತ್ತಿದ್ದರು, ಇದು ಯಾವ ಗ್ರಂಥಾಲಯದಲ್ಲೂ ಇಲ್ಲ. ಒಂದು ವಸ್ತು ಹಿಡಿಯಿರಿ: ನಲ್ಲಿ, ಸ್ಟವ್ವು, ರೇಷನ್ ಚೀಲ. ಇಸವಿಯೋ ಹೆಸರೋ ಅನುಮಾನವಾದರೆ ಅದರ ಸುತ್ತ ವೃತ್ತ ಎಳೆದು ಮುಂದೆ ಸಾಗಿ. ‘ಒಂದು ನಿಮಿಷ ನೋಡಿಬಿಡೋಣ’ ಎಂದು ಮೊಬೈಲು ತೆಗೆದರೆ ಹೋಯಿತು, ಅದು ಸಂಶೋಧನೆಯ ವೇಷ ಹಾಕಿಕೊಂಡು ಬಂದ ಹಿಂಜರಿಕೆ.

ಕೊನೆಗೆ, ಪ್ರತಿ ದಿನದ ಪುಟದ ನೆತ್ತಿಯಲ್ಲಿ ಒಬ್ಬರ ಹೆಸರು ಬರೆಯಿರಿ. ‘ಅಜ್ಜಿ, ಖೋಲಿ ಅಂದರೆ ಬೆಡ್‌ರೂಮಾ?’ ಎಂದು ಕೇಳುವ ಮೊಮ್ಮಗಳು ಇದ್ದರೆ ಅವಳದ್ದೇ ಆಗಲಿ. ಅವಳಿಗೆ ಬರೆಯುವಾಗ ಏನನ್ನು ಬಿಡಿಸಿ ಹೇಳಬೇಕು, ಏನನ್ನು ಬಿಡಬೇಕು ಎಂಬುದು ನಿಮಗೆ ತಿಳಿದೇ ಇದೆ. ‘ಕನ್ನಡ ಸಾಹಿತ್ಯ’ಕ್ಕೆ ಬರೆಯಹೊರಟರೆ ವಿಮರ್ಶಕರು, ಹಳೆಯ ಮೇಷ್ಟ್ರು, ಓರಗಿತ್ತಿ ಎಲ್ಲರೂ ಒಟ್ಟಿಗೆ ಹೆಗಲ ಮೇಲಿಂದ ಇಣುಕುತ್ತಾರೆ. ಅತಿಯಾಗಿ ಯೋಚಿಸುತ್ತೇನೆ ಎನ್ನುವವರ ತಲೆಯಲ್ಲಿ ಯೋಚನೆ ಹೆಚ್ಚಿರುವುದಿಲ್ಲ, ಓದುಗರು ಹೆಚ್ಚಿರುತ್ತಾರೆ.

ಪ್ರಶ್ನೆ: ಹಿಂಜವಡಿಯಲ್ಲಿ ಐಟಿ ಕೆಲಸ. ಕಂಪನಿ ಬಸ್ಸಿನಲ್ಲಿ ಹೋಗಿಬರಲು ಎರಡು ತಾಸು ಸಿಗುತ್ತೆ, ಆಗ ಮೊಬೈಲಿನಲ್ಲೇ ಬರೆಯಬೇಕು. ಯೋಚನೆ ಬರೋದು ಇಂಗ್ಲಿಷಿನಲ್ಲಿ, ಕನ್ನಡ ಪದ ಹುಡುಕುತ್ತ ಕೂತರೆ ಎಳೆಯೇ ತಪ್ಪುತ್ತೆ. ಟೈಪಿಂಗಿನಲ್ಲೂ ತಪ್ಪು. ನೋಟ್‌ಬುಕ್ಕು ಬೇರೆ ಇಟ್ಟುಕೊಳ್ಳಲಾರೆ. (ಪುಣೆ)

ಬಸ್ಸಿನ ಕುಲುಕಾಟದಲ್ಲಿ ನೋಟ್‌ಬುಕ್ಕು ಬೇಡವೇ ಬೇಡ. ಪದ ಹೊಳೆಯದಿದ್ದರೆ ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆದು, ಮುಂದೆ ಎರಡು ನಕ್ಷತ್ರ ಚಿಹ್ನೆ ಒತ್ತಿ ಓಡಿ. ಮನೆಗೆ ಹೋದ ಮೇಲೆ ನಕ್ಷತ್ರಗಳನ್ನು ಹುಡುಕಿದರೆ ಎಲ್ಲ ಒಂದೇ ಕಡೆ ಸಿಗುತ್ತವೆ. ಅವುಗಳಲ್ಲಿ ಅರ್ಧದಷ್ಟಕ್ಕೆ ಕನ್ನಡ ಪದ ತಾನೇ ಹೊಳೆಯುತ್ತದೆ. ಉಳಿದರ್ಧ ಹಾಗೇ ಇರಲಿ. ‘ಡೆಡ್‌ಲೈನ್’ ಎಂದೇ ಎಲ್ಲರೂ ಅನ್ನುವಾಗ ‘ಅಂತಿಮ ಗಡುವು’ ಎಂದು ಬರೆದರೆ ನಿಮ್ಮ ಟೀಮ್ ಲೀಡರ್ ತಹಸೀಲ್ದಾರರ ಹಾಗೆ ಮಾತಾಡಲು ಶುರುಮಾಡುತ್ತಾರೆ.

ಕೀಲಿಮಣೆಯ ವಿಚಾರ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ವಿಧಾನದಲ್ಲಿ ಹ್ರಸ್ವ-ದೀರ್ಘ, ಲ-ಳ, ನ-ಣ ಗೊಂದಲ ಸಹಜ. ಸೂಚನೆಯಲ್ಲಿ ಮೊದಲು ಬಂದದ್ದನ್ನು ಒತ್ತಿದರೆ ಬೇಳೆ ಬೆಳೆಯಾಗುತ್ತದೆ, ಅಡುಗೆಮನೆಯ ಕತೆ ಹೊಲಕ್ಕೆ ಹೋಗುತ್ತದೆ. ನೇರ ಕನ್ನಡ ಅಕ್ಷರಗಳಿರುವ ಇನ್‌ಸ್ಕ್ರಿಪ್ಟ್ ವಿನ್ಯಾಸ ಕಲಿತವರಿಗೆ ಈ ಕಾಟ ಕಡಿಮೆ, ದಿನಕ್ಕೆ ಕಾಲು ಗಂಟೆಯಂತೆ ಕೆಲವು ವಾರ ಕೂತರೆ ಬೆರಳಿಗೆ ಹತ್ತುತ್ತದೆ. ಅಳಿಸುವ ಹಿಮ್ಮುಖ ಕೀಲಿಯ (ಬ್ಯಾಕ್‌ಸ್ಪೇಸ್) ಒಂದು ಗುಟ್ಟೂ ತಿಳಿದಿರಲಿ: ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ ಯಂತ್ರಕ್ಕೆ ಆರು ಸಂಕೇತ. ಸ, ವಿರಾಮ (ಅಕ್ಷರದ ಸ್ವರ ತೆಗೆಯುವ ಚಿಹ್ನೆ), ತ, ವಿರಾಮ, ರ, ಈಕಾರ. ಅಳಿಸುವಾಗ ಅದು ತುಂಡುತುಂಡಾಗಿ ಬಿಚ್ಚಿಕೊಳ್ಳುತ್ತದೆ, ನಡುವೆ ಅರ್ಧಂಬರ್ಧ ರೂಪಗಳು ಕಾಣುತ್ತವೆ, ತಲೆ ಕೆಡುತ್ತದೆ. ಒತ್ತಕ್ಷರ ತಪ್ಪಿದರೆ ಇಡೀ ಪದ ಆರಿಸಿ ತೆಗೆದು ಹೊಸದಾಗಿ ಹೊಡೆಯುವುದೇ ಬೇಗ.

ಮಾತಾಡಿ ಬರೆಸುವ ಸೌಲಭ್ಯ ಬಸ್ಸಿನಲ್ಲಿ ಉಪಯೋಗಕ್ಕೆ ಬಾರದು, ಪಕ್ಕದವರ ಫೋನಿನ ಮಾತೂ ನಿಮ್ಮ ಪ್ರಬಂಧಕ್ಕೆ ಸೇರುತ್ತದೆ. ಮನೆಯಲ್ಲಿ ಬಳಸುವುದಾದರೆ ಒಂದು ಸಲಕ್ಕೆ ಎರಡೇ ವಾಕ್ಯ ಹೇಳಿ, ಪೂರ್ಣವಿರಾಮವನ್ನು ಕೈಯಿಂದ ಹಾಕಿ. ಪತ್ರಿಕೆಗೆ ಕಳಿಸುವಾಗ, ಎಲ್ಲ ಯಂತ್ರಗಳಿಗೂ ತಿಳಿಯುವ ಯೂನಿಕೋಡ್ ಸಂಕೇತದಲ್ಲೇ ಕಳಿಸಿ. ‘ನುಡಿ’, ‘ಬರಹ’ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿರುತ್ತಾರೆ. ಆ ಫಾಂಟು ಇಲ್ಲದ ಕಡೆ ತೆರೆದರೆ ಟೋಪಿ-ಕೊಂಬು ಇಟ್ಟ ರೋಮನ್ ಅಕ್ಷರಗಳ ಸಂತೆ ಕಾಣುತ್ತದೆ. ಸಂಪಾದಕರು ಅದನ್ನು ಪಕ್ಕಕ್ಕಿಟ್ಟರೆ ‘ನನ್ನ ಬರಹ ಇಷ್ಟವಾಗಲಿಲ್ಲ’ ಎಂದು ನೀವು ತಿಂಗಳುಗಟ್ಟಲೆ ಕೊರಗುತ್ತೀರಿ.

ಪ್ರಶ್ನೆ: ನಾವು ಬಾಗಲಕೋಟಿ ಕಡೆಯವರು, ವಾಸ್ಕೋಕ್ಕ ಬಂದು ಹದಿನಾರು ವರ್ಷ ಆತು. ಊರಾಗ ಅವ್ವ ಒಬ್ಬಾಕಿನ ಇದ್ದಾಳ. ಫೋನಿನ್ಯಾಗ ‘ಊಟಾತೇನು, ಮಳಿ ಆತೇನು’ ಇಷ್ಟರಾಗ ಮಾತು ಮುಗೀತದ. ಆಕಿ ನಾಕನೇ ಈಯತ್ತೆ ಕಲ್ತಾಳ, ಓದತಾಳ. ಪತ್ರ ಬರೀಬೇಕು ಅನಸ್ತದ, ಆದರ ಏನ ಬರೀಲಿ? ಕುಂತ್ರ ಬರೇ ‘ಕ್ಷೇಮ’ ಅಂತ ಬರೀತದ. (ವಾಸ್ಕೋ, ಗೋವಾ)

ನಮಗೆ ಬಂದ ಪತ್ರಗಳಲ್ಲೆಲ್ಲ ಚೆಂದದ ಕನ್ನಡ ನಿಮ್ಮದೇ, ಅಕ್ಕಾವ್ರ. ಅದನ್ನೇ ಅವ್ವನಿಗೂ ಬರೆಯಿರಿ. ‘ಕ್ಷೇಮ’ ಬರುವುದು ಯಾಕೆಂದರೆ ಪೆನ್ನು ಹಿಡಿದ ಕೂಡಲೇ ಸಾಲಿಯ ಪತ್ರಲೇಖನದ ಪಾಠ ನೆನಪಾಗುತ್ತದೆ. ‘ನಾವೆಲ್ಲರೂ ಇಲ್ಲಿ ಕ್ಷೇಮ, ನಿಮ್ಮ ಕ್ಷೇಮ ಸಮಾಚಾರಕ್ಕೆ ಪತ್ರ ಬರೆಯುವುದು’ ಎಂಬಲ್ಲಿಗೆ ಮಾತಿನ ಬಾಗಿಲು ಹಾಕಿಕೊಳ್ಳುತ್ತದೆ. ಅವ್ವ ಅದಕ್ಕೆ ಏನು ಉತ್ತರ ಕೊಟ್ಟಾಳು? ತಾನೂ ಕ್ಷೇಮ ಅಂದಾಳು.

ಪತ್ರದಲ್ಲಿ ಮೂರು ಇರಲಿ: ನಿನ್ನೆ ಮೊನ್ನೆ ಕಣ್ಣಾರೆ ಕಂಡದ್ದು ಒಂದು, ಅದರಿಂದ ಅವ್ವನ ನೆನಪಾದದ್ದು ಒಂದು, ಅವ್ವನೇ ಉತ್ತರಿಸಬಲ್ಲ ಪ್ರಶ್ನೆ ಒಂದು. ಹೀಗೆ:

‘ಅವ್ವಾ, ಇಲ್ಲಿ ಮಳಿ ಹಿಡದು ಎಂಟ ದಿನಾತು. ಹೊರಗ ಹಾಕಿದ ಅರಿವಿ ಒಣಗೂದ ಇಲ್ಲ. ನಿನ್ನೆ ಹುಡುಗನ ಸಾಲಿ ಅಂಗಿ ಇಸ್ತ್ರಿ ಮಾಡಿ ಮಾಡಿ ಒಣಗಿಸಿ ಹಾಕಿ ಕಳಿಸಿದೆ. ನೀ ಒಲಿ ಮ್ಯಾಲ ಹಗ್ಗಾ ಕಟ್ಟಿ ನಮ್ಮ ಅಂಗಿ ಒಣಗಸ್ತಿದ್ದಿ, ಸಾಲಿಗೆ ಹೋದ್ರ ಮೈಯೆಲ್ಲಾ ಹೊಗಿ ವಾಸನಿ ಬರ್ತಿತ್ತು. ಆ ಹಗ್ಗಾ ಸುಡತಿದ್ದಿಲ್ಲ ಹ್ಯಾಂಗ?’

ಇಷ್ಟೇ. ನಲವತ್ತು ಪದವೂ ಇಲ್ಲ. ಆ ಕಡೆಯ ಪ್ರಶ್ನೆಗೆ ಅವ್ವ ಹೌದು-ಅಲ್ಲ ಅಂದು ಮುಗಿಸಲಾರಳು. ಹಗ್ಗದ ಕತೆ ಹೇಳಬೇಕು, ಹೇಳುವಾಗ ಅಪ್ಪ ಬರುತ್ತಾರೆ, ಸಂತೆ ಬರುತ್ತದೆ. ಆರಾಮ ಇದ್ದೀಯಾ, ಗುಳಿಗೆ ತಗೊಂಡ್ಯಾ ಎಂಬವೆಲ್ಲ ಫೋನಿಗೇ ಇರಲಿ. ಒಂದು ಪತ್ರಕ್ಕೆ ಒಂದೇ ಪ್ರಶ್ನೆ. ಐದು ಕೇಳಿದರೆ ಪರೀಕ್ಷೆಯಾಗುತ್ತದೆ, ಉತ್ತರವೇ ಬರುವುದಿಲ್ಲ.

ಓದುವವರ ಕಣ್ಣನ್ನೂ ನೆನಪಿಡಿ. ಗೆರೆಯ ಹಾಳೆಯಲ್ಲಿ ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರೆಯಿರಿ. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತದಲ್ಲ, ಗೆರೆ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಗುದ್ದಿ ವಯಸ್ಸಾದವರಿಗೆ ಎರಡೂ ಓದಲಾಗುವುದಿಲ್ಲ. ದಪ್ಪ ಮೊನೆಯ, 1 ಮಿಲಿಮೀಟರಿನ ಕಪ್ಪು ಪೆನ್ನು ಒಳ್ಳೆಯದು. ಹಾಳೆಯ ಒಂದೇ ಮಗ್ಗುಲಿಗೆ ಬರೆಯಿರಿ, ಹಿಂದಿನದು ಇಣುಕಬಾರದು. ಹೀಗೆ ಬರೆದರೆ ಪುಟಕ್ಕೆ ಎಂಬತ್ತು-ತೊಂಬತ್ತು ಪದ ಹಿಡಿಸುತ್ತದೆ.

ಇನ್‌ಲ್ಯಾಂಡ್ ಪತ್ರ ಎರಡೂವರೆ ರೂಪಾಯಿ, ಅದರೊಳಗೆ ಬೇರೆ ಕಾಗದ ಇಡುವಂತಿಲ್ಲ. ಲಕೋಟೆಗೆ 20 ಗ್ರಾಂವರೆಗೆ 5 ರೂಪಾಯಿ. ಸಾದಾ ಎ4 ಹಾಳೆ ಒಂದಕ್ಕೆ ಐದು ಗ್ರಾಂಗಿಂತ ತುಸು ಕಡಿಮೆ ತೂಗುತ್ತದೆ, ತೆಳು ಲಕೋಟೆಯಲ್ಲಿ ಮೂರು ಹಾಳೆ ಹೋಗುತ್ತವೆ. ಉತ್ತರಕ್ಕೆಂದು ನಿಮ್ಮದೇ ವಿಳಾಸ ಬರೆದ ಇನ್ನೊಂದು ಇನ್‌ಲ್ಯಾಂಡನ್ನು ಮಡಚಿ ಒಳಗಿಡುವುದಾದರೆ ಎರಡೇ ಹಾಳೆ ಬರೆಯಿರಿ. ಇಡಲೇಬೇಕು ಅನ್ನುತ್ತೇವೆ, ಹಳ್ಳಿಯಲ್ಲಿ ಅದನ್ನು ತರಲೆಂದು ಅವ್ವ ಅಂಚೆ ಕಚೇರಿಗೆ ಅಲೆಯುವುದು ತಪ್ಪುತ್ತದೆ. ವಿಳಾಸವನ್ನು ಕನ್ನಡದಲ್ಲಿ ಬರೆದು ಊರು, ತಾಲೂಕು, ಜಿಲ್ಲೆಯನ್ನು ಇಂಗ್ಲಿಷಿನಲ್ಲೂ ಬರೆಯಿರಿ. ಗೋವಾದಲ್ಲಿ ವಿಂಗಡಿಸುವವರಿಗೆ ಕನ್ನಡ ಬರಬೇಕೆಂದೇನಿಲ್ಲ. ಬಾಗಲಕೋಟೆ ಜಿಲ್ಲೆಯ ಪಿನ್ 587ರಿಂದ ಶುರುವಾಗುತ್ತದೆ. ಆರೂ ಅಂಕಿ ಬಿಡಿಬಿಡಿಯಾಗಿ ಇರಲಿ.

ಪ್ರಶ್ನೆ: ತಂದೆಯವರು ಉಡುಪಿ ಕಡೆಯಿಂದ ಬಂದು ಮಾಟುಂಗದಲ್ಲಿ ಹೋಟೆಲು ನಡೆಸಿದವರು. ನಮ್ಮ ಸಂಘದ ಸ್ಮರಣ ಸಂಚಿಕೆಗೆ ಅವರ ಬಗ್ಗೆ 600 ಪದ ಕೇಳಿದ್ದಾರೆ. ಪಾಲುದಾರಿಕೆ ಮುರಿದದ್ದು, ದೊಡ್ಡಪ್ಪನ ಜೊತೆ ಮಾತು ಬಿಟ್ಟದ್ದು ಎಲ್ಲ ಉಂಟು. ಬರೆದರೆ ನೆಂಟರು ಏನು ಹೇಳಿಯಾರು, ಬರೆಯದಿದ್ದರೆ ಸುಳ್ಳಾದೀತು ಎಂಬ ಯೋಚನೆಯಲ್ಲಿ ಗಡುವು ಹತ್ತಿರ ಬಂತು. (ಮುಂಬಯಿ)

ಎರಡು ಕರಡು ಮಾಡಿ. ಮೊದಲನೆಯದು ಮೇಜಿನ ಖಾನೆಗೆ. ಅದರಲ್ಲಿ ಜಗಳ, ಲೆಕ್ಕ, ಬೈಗುಳ ಎಲ್ಲ ಬರಲಿ. ಬರೆಯದೆ ಒಳಗೇ ಉಳಿದದ್ದು ಬರೆದ ಪ್ರತಿ ವಾಕ್ಯದ ಬಾಯಿಗೂ ಕೈ ಅಡ್ಡ ಇಡುತ್ತದೆ. ಎರಡನೆಯದು ಸಂಚಿಕೆಗೆ. ಖಾನೆಯ ಕರಡನ್ನು ಎದುರಿಗಿಟ್ಟುಕೊಂಡು ನೀವು ಕಣ್ಣಾರೆ ಕಂಡದ್ದಕ್ಕೆ ಒಂದು ಗೆರೆ, ಕೇಳಿ ತಿಳಿದದ್ದಕ್ಕೆ ಎರಡು ಗೆರೆ ಎಳೆಯಿರಿ. ಕೇಳಿದ್ದನ್ನು ಹೇಳಲು ನಮ್ಮ ಭಾಷೆ ‘ಅಂತೆ’ ಎಂಬ ಎರಡಕ್ಷರದ ವರ ಕೊಟ್ಟಿದೆ. ‘ಅಪ್ಪ ಮೊದಲ ವರ್ಷ ಹೋಟೆಲಿನ ಮಹಡಿಯ ಮೇಲೆ ಮಲಗುತ್ತಿದ್ದರಂತೆ’ ಎಂದರೆ ನೀವು ಸಾಕ್ಷಿ ನುಡಿಯುತ್ತಿಲ್ಲ, ಕೇಳಿದ್ದನ್ನು ಒಪ್ಪಿಸುತ್ತಿದ್ದೀರಿ, ಅಷ್ಟೇ. ನೆಂಟರ ಅರ್ಧ ಕೋಪ ಈ ‘ಅಂತೆ’ ಬಿಟ್ಟಲ್ಲಿಂದಲೇ ಏಳುವುದು. ಆದರೆ ಪ್ಯಾರಾಕ್ಕೆ ಒಂದೆರಡು ಸಲಕ್ಕಿಂತ ಹೆಚ್ಚು ಬಂದರೆ ಇಡೀ ಬರಹ ಕಟ್ಟೆಯ ಮೇಲಿನ ಮಾತಾದೀತು.

ಪಾಲುದಾರಿಕೆಯ ವಿಷಯ ಬಿಡಬೇಡಿ, ತೀರ್ಪನ್ನು ಬಿಡಿ. ‘ದೊಡ್ಡಪ್ಪ ಮೋಸ ಮಾಡಿದರು’ ಎಂಬುದು ತೀರ್ಪು. ‘ಆ ವರ್ಷದಿಂದ ಗಲ್ಲಾದಲ್ಲಿ ಅಪ್ಪ ಒಬ್ಬರೇ ಕೂರುತ್ತಿದ್ದರು, ಎರಡನೇ ಕುರ್ಚಿಯನ್ನು ಯಾರೂ ತೆಗೆಯಲಿಲ್ಲ’ ಎಂದರೆ ತಿಳಿಯಬೇಕಾದವರಿಗೆ ತಿಳಿಯುತ್ತದೆ. ದೊಡ್ಡಪ್ಪನ ಮನೆಯವರು ಬದುಕಿದ್ದರೆ ಆ ಒಂದು ಪ್ಯಾರಾವನ್ನು ಅಚ್ಚಿಗೆ ಮೊದಲೇ ಓದಿ ಹೇಳಿ. ‘ಒಪ್ಪಿಗೆಯೇ?’ ಎಂದು ಕೇಳಬೇಡಿ, ‘ತಪ್ಪಿದ್ದರೆ ತಿದ್ದಿ’ ಅನ್ನಿ. ಒಪ್ಪಿಗೆ ಕೇಳಿದರೆ ಬೇಡವೆನ್ನುತ್ತಾರೆ. ತಿದ್ದಲು ಹೇಳಿದರೆ ನಿಮಗೆ ಗೊತ್ತಿಲ್ಲದ್ದೇನಾದರೂ ಹೇಳಿಯಾರು, ಬಿಟ್ಟ ಮಾತು ಅಲ್ಲಿಂದಲೇ ಮತ್ತೆ ಶುರುವಾದರೂ ಆದೀತು.

600 ಪದವೆಂದರೆ ಅಚ್ಚಿನಲ್ಲಿ ಸುಮಾರು ಎರಡು ಪುಟ. 900ರವರೆಗೆ ಬರೆದು ಕತ್ತರಿಸಿ. ಮೊದಲು ಹೋಗಬೇಕಾದದ್ದು ಮೊದಲ ಪ್ಯಾರಾ, ಅದು ಗಂಟಲು ಸರಿಮಾಡಿಕೊಂಡದ್ದು ಅಷ್ಟೇ. ಆಮೇಲೆ ‘ಸರಳ ಸಜ್ಜನ, ಶ್ರಮಜೀವಿ, ಅಜಾತಶತ್ರು’ ಎಂಬ ಮೂವರು. ಇವರು ಎಲ್ಲ ಸ್ಮರಣ ಸಂಚಿಕೆಗಳಲ್ಲೂ ಊಟಕ್ಕೆ ಕೂತಿರುತ್ತಾರೆ. ಅವರ ಜಾಗದಲ್ಲಿ, ರಾತ್ರಿ ಬಾಗಿಲು ಹಾಕಿದ ಮೇಲೆ ಎಂಟಾಣೆ ನಾಣ್ಯಗಳನ್ನು ಹತ್ತತ್ತರ ಗೋಪುರ ಮಾಡಿ, ಒಂದೊಂದರ ನೆತ್ತಿಗೂ ಬೆರಳು ತಾಗಿಸಿ ಐದೈದು ರೂಪಾಯಿ ಎಣಿಸುವ ಕೈ ಬರಲಿ.

ಪ್ರಶ್ನೆ: ನಮ್ಮ ಕನ್ನಡದಲ್ಲಿ ಮರಾಠಿ, ಹಿಂದಿ ಬೆರೆಯುತ್ತದೆ. ಬೆಂಗಳೂರಿನ ನೆಂಟರು ನಗುತ್ತಾರೆ. ಬರೆದರೆ ಇನ್ನೂ ನಗುತ್ತಾರೆ ಅಲ್ಲವೇ? (ಪುಣೆ)

ನಗಲಿ. ಖೋಲಿ, ಡಬ್ಬಾ, ಚಾಳು ನಿಮ್ಮ ಬದುಕಿನ ಪದಗಳು, ಇಟ್ಟುಕೊಳ್ಳಿ. ಮರಾಠಿಯ ‘ತೂಪ’ ನಮ್ಮ ತುಪ್ಪದಿಂದ, ‘ಅಡಕಿತ್ತಾ’ ನಮ್ಮ ಅಡಕತ್ತರಿಯಿಂದ ಹೋದದ್ದು ಎನ್ನುತ್ತಾರೆ, ಸಾಲ ಎರಡೂ ಮನೆಯಿಂದ ನಡೆದಿದೆ. ಎಚ್ಚರ ಬೇಕಾದದ್ದು ಒಂದೇ ರೂಪದ, ಬೇರೆ ಅರ್ಥದ ಪದಗಳಲ್ಲಿ. ‘ಕಾದಂಬರಿ’ ಮರಾಠಿಯಲ್ಲೂ ಕಾದಂಬರಿಯೇ. ಹಿಂದಿಯ ‘ಉಪನ್ಯಾಸ’ ಮಾತ್ರ ಕಾದಂಬರಿ, ನಮ್ಮದು ಭಾಷಣ. ಹಿಂದಿಯ ‘ಅವಸರ’ ಅವಕಾಶ, ನಮ್ಮದು ಗಡಿಬಿಡಿ. ‘ಬರೆಯಲು ಅವಸರ ಸಿಕ್ಕಿತು’ ಎಂದು ಬರೆದರೆ ನೆಂಟರು ನಕ್ಕದ್ದು ಸರಿಯೇ.

ಪ್ರಶ್ನೆ: ರಾತ್ರಿ ಮಲಗಿದರೆ ಅದದೇ ಯೋಚನೆ ಗಾಣದೆತ್ತಿನ ಹಾಗೆ ಸುತ್ತುತ್ತದೆ. ಡೈರಿ ಬರೆದರೆ ಕಡಿಮೆಯಾಗುತ್ತದೆ ಅಂತಾರೆ. ನಿಜವೇ? ಎಷ್ಟು ಬರೆಯಬೇಕು? (ಪುಣೆ, ವಿದ್ಯಾರ್ಥಿನಿ)

ಸ್ವಲ್ಪ ಮಟ್ಟಿಗೆ ನಿಜ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ತಮ್ಮ ನೋವಿನ ಅನುಭವಗಳನ್ನು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ನಡೆದದ್ದು ಮತ್ತು ಅನಿಸಿದ್ದು ಎರಡನ್ನೂ ಬರೆದವರಿಗೆ ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಯಿತು, ಮುಂದಿನ ತಿಂಗಳುಗಳಲ್ಲಿ ಮಾತ್ರ ಅವರು ವೈದ್ಯರ ಬಳಿ ಹೋದದ್ದು ಕಡಿಮೆ. ಆಮೇಲಿನ ಅನೇಕ ಅಧ್ಯಯನಗಳಲ್ಲಿ ಪ್ರಯೋಜನ ಇದೆಯಾದರೂ ಸಣ್ಣದೆಂದೇ ಕಂಡಿದೆ, ರಾಮಬಾಣವೆಂದು ಹಿಡಿಯಬೇಡಿ. ಮಲಗುವ ಹೊತ್ತಿಗೆ ಇನ್ನೊಂದು ಉಪಾಯ ವಾಸಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಜನರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಲಗುವ ಮುನ್ನ ಐದು ನಿಮಿಷ ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿ ಬರೆದವರು, ಮಾಡಿ ಮುಗಿಸಿದ್ದನ್ನು ಬರೆದವರಿಗಿಂತ ಬೇಗ ನಿದ್ದೆ ಹೋದರು.

ಆದ್ದರಿಂದ ನೋವಿನ ಬರಹ ಸಂಜೆ, ದೀಪ ಹಚ್ಚುವ ಹೊತ್ತಿಗೆ. ಮಲಗುವಾಗ ನಾಳೆಯ ಪಟ್ಟಿ. ಪಟ್ಟಿಯೂ ಬಿಡಿಬಿಡಿಯಾಗಿರಲಿ: ‘ಓದಬೇಕು’ ಅಲ್ಲ, ‘ಎಂಟು ಗಂಟೆಗೆ ಮೂರನೇ ಅಧ್ಯಾಯದ ಲೆಕ್ಕ ಐದು’. ನೋವಿನ ಬರಹದಲ್ಲಿ ನಿನ್ನೆ ಬರೆದದ್ದೇ ಇವತ್ತೂ ಅದೇ ಪದಗಳಲ್ಲಿ ಬರುತ್ತಿದ್ದರೆ ಗಾಣ ಕಾಗದದ ಮೇಲೂ ಸುತ್ತುತ್ತಿದೆ ಎಂದರ್ಥ. ಆಗ ‘ನಾನು’ ಬಿಟ್ಟು ‘ಅವಳು’ ಎಂದು ಬರೆದು ನೋಡಿ, ಇಲ್ಲವೇ ಒಬ್ಬ ಗೆಳತಿಗೆ ಪತ್ರದಂತೆ ಬರೆಯಿರಿ. ಕಳಿಸಬೇಕೆಂದಿಲ್ಲ. ಎರಡು ವಾರವಾದರೂ ನಿದ್ದೆ, ಊಟ ಸರಿಹೋಗದಿದ್ದರೆ, ಬದುಕೇ ಬೇಡವೆನಿಸಿದರೆ ಆ ಕ್ಷಣವೇ, ಬರಹ ಬದಿಗಿಟ್ಟು 14416ಕ್ಕೆ ಕರೆ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಪ್ರಶ್ನೆ: ಮುಂಬಯಿಯ ಕನ್ನಡ ಸಂಸ್ಥೆ ಮೈಸೂರು ಅಸೋಸಿಯೇಷನ್‌ನ ಕಾರ್ಯಕ್ರಮಗಳಲ್ಲಿ ಪರಿಚಯವಾದ ನಾವು ಐವರು ಹೆಂಗಸರು ತಿಂಗಳಿಗೊಮ್ಮೆ ಸೇರಿ ಬರೆದದ್ದನ್ನು ಓದಿಕೊಳ್ಳಬೇಕೆಂದಿದ್ದೇವೆ. ಹಿಂದೆ ಒಮ್ಮೆ ಶುರುಮಾಡಿ ಎರಡೇ ತಿಂಗಳಿಗೆ ನಿಂತುಹೋಯಿತು. ಹೇಗೆ ನಡೆಸಬೇಕು? (ಮುಲುಂಡ್)

ನಿಂತುಹೋದದ್ದು ಯಾಕೆಂದು ಊಹಿಸಬಹುದು. ಒಬ್ಬರು ಇಪ್ಪತ್ತು ನಿಮಿಷ ಓದಿದರು, ಇನ್ನೊಬ್ಬರು ಮಹಾಪ್ರಾಣ ತಿದ್ದಿದರು, ಉಳಿದವರು ‘ಚೆನ್ನಾಗಿದೆ’ ಅಂದರು, ಆಮೇಲೆ ಚಹಾ, ಮಕ್ಕಳ ಮದುವೆ ಮಾತು. ತಪ್ಪು ಯಾರದ್ದೂ ಅಲ್ಲ, ಗಡಿಯಾರವಿರಲಿಲ್ಲ.

ಐದು ಜನ ಸರಿಯಾದ ಸಂಖ್ಯೆ, ಏಳಕ್ಕೆ ಮೇಲೆ ಬೇಡ. ಒಟ್ಟು ಒಂದೂವರೆ ಗಂಟೆ. ಒಬ್ಬೊಬ್ಬರಿಗೆ ಹದಿನೈದು ನಿಮಿಷ: ಐದು ನಿಮಿಷ ಓದು, ಎರಡು ನಿಮಿಷ ಮೌನ, ಎಂಟು ನಿಮಿಷ ಮಾತು. ಕೊನೆಯ ಕಾಲು ಗಂಟೆ ಚಹಾಕ್ಕೆ, ಚಹಾ ಮೊದಲೇ ಬಂದರೆ ಕೆಟ್ಟಿತು. ನಿಧಾನವಾಗಿ ಓದಿದರೆ ಐದು ನಿಮಿಷಕ್ಕೆ 450 ಪದ ಹಿಡಿಸುತ್ತದೆ. ಹೆಚ್ಚಿದ್ದರೆ ತಂದವರೇ ಮನೆಯಲ್ಲಿ ಆರಿಸಿಕೊಂಡು ಬರಲಿ. ಆ ಎರಡು ನಿಮಿಷದ ಮೌನದಲ್ಲಿ ಕೇಳಿದವರು ತಮ್ಮ ಕಿವಿಯಲ್ಲಿ ಉಳಿದ ಒಂದು ಸಾಲನ್ನು ಚೀಟಿಯಲ್ಲಿ ಬರೆಯಬೇಕು. ಇದನ್ನು ತಪ್ಪಿಸಿದರೆ ಮೊದಲು ಮಾತಾಡಿದವರ ಅಭಿಪ್ರಾಯವೇ ಎಲ್ಲರದ್ದಾಗುತ್ತದೆ.

ಬರೆದವರು ಎಂಟು ನಿಮಿಷವೂ ಬಾಯಿ ತೆರೆಯಬಾರದು. ಅತಿ ಕಷ್ಟದ ನಿಯಮ ಇದೇ. ‘ಅದು ಹಾಗಲ್ಲ, ನಾನು ಹೇಳಬೇಕೆಂದಿದ್ದದ್ದು’ ಎಂದು ಶುರುಮಾಡಿದರೆ ಹೇಳಬೇಕೆಂದಿದ್ದದ್ದು ಕಾಗದದಲ್ಲಿಲ್ಲ ಎಂದು ಆಗಲೇ ಸಾಬೀತಾಯಿತು. ಸುಮ್ಮನೆ ಬರೆದುಕೊಳ್ಳಲಿ. ಕೇಳುಗರು ಮೂರೇ ವಿಷಯ ಹೇಳಬಹುದು: ಯಾವ ಸಾಲು ಉಳಿಯಿತು, ಎಲ್ಲಿ ಮನಸ್ಸು ಬೇರೆ ಕಡೆ ಹೋಯಿತು, ಇನ್ನೂ ಏನು ತಿಳಿಯಬೇಕೆನಿಸಿತು. ‘ಚೆನ್ನಾಗಿದೆ’ ಎಂಬ ಮಾತಿಗೆ ಐದು ರೂಪಾಯಿ ದಂಡ ಹಾಕಿ, ಡಬ್ಬಿ ತುಂಬಿದರೆ ಬಟಾಟೆವಡೆ ತರಿಸಿ. ಕಾಗುಣಿತ, ಒತ್ತು ತಿದ್ದುವವರು ಬಾಯಲ್ಲಿ ಹೇಳದೆ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ಕೊಡಲಿ. ಗುಂಪಿನಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಇದ್ದರೆ (ಮುಂಬಯಿಯಲ್ಲಿ ಇಲ್ಲದೆ ಇರುತ್ತಾರೆಯೇ!) ಗಡಿಯಾರವನ್ನು ಅವರ ಕೈಗೇ ಕೊಡಿ, ತಿದ್ದುವ ಹುಮ್ಮಸ್ಸೆಲ್ಲ ನಿಮಿಷ ಎಣಿಸುವುದಕ್ಕೆ ಹೋಗುತ್ತದೆ.

ಬರೆಯಲಾಗದ ತಿಂಗಳು ಬಂದೇ ಬರುತ್ತದೆ. ‘ಏನೂ ಬರೆದಿಲ್ಲ, ಹೇಗೆ ಹೋಗಲಿ’ ಎಂದು ತಪ್ಪಿಸಿಕೊಂಡವರು ಮತ್ತೆ ಬರುವುದಿಲ್ಲ. ಒಂದೇ ಒಂದು ವಾಕ್ಯ ತಂದರೂ ಹದಿನೈದು ನಿಮಿಷ ಅವರದ್ದೇ ಎಂದು ಮೊದಲ ದಿನವೇ ಹೇಳಿಬಿಡಿ. ಲೋಕಲ್ ರೈಲಿನಲ್ಲಿ ಬರುವವರಿಗೆ ಭಾನುವಾರದ ಮೆಗಾಬ್ಲಾಕ್ (ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವುದು) ನೆನಪಿರಲಿ, ಶನಿವಾರ ಮಧ್ಯಾಹ್ನವೇ ವಾಸಿ. ಏಳುವಾಗ ಪ್ರತಿಯೊಬ್ಬರೂ ತಮ್ಮ ಬಲಗಡೆಯವರ ಹಾಳೆಯನ್ನು ಮನೆಗೆ ಒಯ್ಯಲಿ. ಮುಂದಿನ ತಿಂಗಳು ಅದನ್ನು ಹಿಂದಿರುಗಿಸುವಾಗ ಹಿಂಬದಿಯಲ್ಲಿ ಎರಡು ಸಾಲಿನ ಪತ್ರ ಇರಬೇಕು. ಹಾಳೆ ಕೊಡಲಿಕ್ಕಿದೆಯಲ್ಲ ಎಂದಾದರೂ ಬರುತ್ತಾರೆ.